ಮೂರನೆಯ ಸಾಲಿನ ಬರಿಮಣ್ಣು

ಫೆಬ್ರವರಿ 9

ನಾದಿನಿಗೆ,

ಮೂರು ವರ್ಷ ಆದಮೇಲೆ ಬರೆಯುತ್ತಿದ್ದೇನೆ. ಹೇಗಿದ್ದೀಯ ಎಂದು ಕೇಳುವ ಮುಖ ನನಗಿಲ್ಲ, ಕೇಳಿದರೂ ನೀನು ನೆಟ್ಟಗೆ ಉತ್ತರ ಕೊಡುವವಳಲ್ಲ. ಹಾಗಾಗಿ ಕೆಲಸದ ಮಾತಿಗೇ ಬರುತ್ತೇನೆ. ಒಂದು ಕಲ್ಲು ಹಾಳು ಮಾಡಿದ್ದೇನೆ. ನನಗೆ ಗೊತ್ತಿರುವವರಲ್ಲಿ ಕಲ್ಲಿನ ಸಂಗತಿ ತಿಳಿದವಳು ನೀನೊಬ್ಬಳೇ.

ನಮ್ಮ ಬೀದಿಯ ಕೊನೆಯಲ್ಲಿರುವ ಹಳೆಯ ಸ್ಮಶಾನ ನಿನಗೆ ನೆನಪಿದ್ದೇ ಇರುತ್ತದೆ, ನಿಮ್ಮಣ್ಣ ಅಲ್ಲೇ ಮಲಗಿದ್ದಾರಲ್ಲ. ಅದು ಗಿಡಗಂಟಿ ಬೆಳೆದು ಕಾಡಾಗಿತ್ತು. ಹೋದ ವರ್ಷ ಬೀದಿಯವರೆಲ್ಲ ಸೇರಿ, ಭಾನುವಾರ ಬೆಳಿಗ್ಗೆ ಎರಡು ತಾಸು ಅಲ್ಲಿ ಕೈಯಾಡಿಸೋಣ ಎಂದು ಮಾತಾಡಿಕೊಂಡೆವು. ಬೇಕರಿಯವನು ಗುದ್ದಲಿ ಹಿಡಿಯುತ್ತಾನೆ. ಔಷಧಿ ಅಂಗಡಿಯಾಕೆ ಕಸ ಆರಿಸುತ್ತಾಳೆ. ನಾನು ಕಲ್ಲು ತೊಳೆಯುತ್ತೇನೆ. ಬಟ್ಟೆ ಹೊಲಿದ ಕೈ ನೋಡು, ಕಲೆ ಕಂಡರೆ ಸುಮ್ಮನೆ ಇರುವುದಿಲ್ಲ.

ಪುಸ್ತಕಕ್ಕೆ ಹೊಲಿಗೆ ಹಾಕಿ ರಟ್ಟು ಕಟ್ಟುತ್ತಿದ್ದವನೊಬ್ಬನ ಸಮಾಧಿ ಇದೆ, ನೂರು ವರ್ಷಕ್ಕೂ ಹಳೆಯದು. ಕಲ್ಲಿನ ತುಂಬ ಕಿತ್ತಳೆ ಬಣ್ಣದ, ಬೂದು ಬಣ್ಣದ ಮಚ್ಚೆಗಳು. ತಂತಿ ಬ್ರಷ್ ತೆಗೆದುಕೊಂಡು, ಬ್ಲೀಚಿಂಗ್ ಪುಡಿ ಸುರಿದು, ಮೈಯಲ್ಲಿದ್ದ ಶಕ್ತಿಯೆಲ್ಲ ಹಾಕಿ ಉಜ್ಜಿದೆ. ಕಲ್ಲು ಬೆಳ್ಳಗಾಯಿತು. ಎಲ್ಲರೂ ಶಹಬ್ಬಾಸ್ ಅಂದರು, ನಾನೂ ಉಬ್ಬಿದೆ. ಮಾರನೆಯ ದಿನ ಹೋಗಿ ನೋಡುತ್ತೇನೆ, ಕೆಳಗಿನ ನಾಲ್ಕು ಸಾಲು ಅಕ್ಷರವೇ ಇಲ್ಲ! ಬೆರಳಾಡಿಸಿದರೆ ಮರಳು ಉದುರುತ್ತದೆ. ಆ ಮನುಷ್ಯನ ಬಗ್ಗೆ ಲೋಕದಲ್ಲಿ ಉಳಿದಿದ್ದದ್ದು ಅಷ್ಟೇ ಇರಬೇಕು, ಅದನ್ನೂ ನಾನು ಒರೆಸಿ ಹಾಕಿದೆ. ರಾತ್ರಿ ಊಟ ಸೇರಲಿಲ್ಲ.

ಅಳಿಸಿಹೋದದ್ದನ್ನು ಓದುವ ಉಪಾಯ ಏನಾದರೂ ಇದೆಯೇ? ಆ ಮಚ್ಚೆಗಳು ಏನು? ಬೈಯುವುದಿದ್ದರೆ ಬೈದು, ಕೊನೆಗೆ ಒಂದು ಸಾಲಿನಲ್ಲಾದರೂ ಉತ್ತರ ಬರೆ.

ಕಲ್ಲು ಕೆಡಿಸಿದ,
ನಿನ್ನ ಅತ್ತಿಗೆ


ಫೆಬ್ರವರಿ 17

ಅತ್ತಿಗೆ,

ತಂತಿ ಬ್ರಷ್ಷಾ? ಅದರ ಮೇಲೆ ಬ್ಲೀಚಿಂಗ್ ಪುಡಿಯಾ? ನಿಮ್ಮ ಕಾಗದವನ್ನು ಮ್ಯೂಸಿಯಮ್ಮಿನ ಕಲ್ಲು ರಿಪೇರಿ ಕೋಣೆಯಲ್ಲಿ ನಿಂತುಕೊಂಡೇ ಓದಿದೆ. ನನ್ನ ಮುಖ ನೋಡಿ ಪಕ್ಕದ ಮೇಜಿನವರು, "ಏನಾಯ್ತ್ರೀ, ಯಾರಾದ್ರೂ ಹೋಗ್ಬಿಟ್ರಾ?" ಅಂತ ಕೇಳಿದರು. "ಹೂಂ, ಒಂದು ಕಲ್ಲು ಹೋಯ್ತು" ಅಂದೆ.

ನೀವು ಮಚ್ಚೆ ಅಂದದ್ದು ಕಲ್ಲುಹೂವು. ಅದು ಕಲೆಯಲ್ಲ, ಜೀವ. ವರ್ಷವಿಡೀ ಬೆಳೆದರೆ ಒಂದು ನೂಲೆಳೆಯಷ್ಟು ಹಬ್ಬುತ್ತದೆ. ಅದರ ಬೇರಿನಂಥ ಎಳೆಗಳು ಮೆದುಗಲ್ಲಿನ ಮೈಯೊಳಗೆ ಇಳಿದಿರುತ್ತವೆ, ಕಿತ್ತರೆ ಕಲ್ಲಿನ ಚರ್ಮವೂ ಜೊತೆಗೇ ಬರುತ್ತದೆ. ಇನ್ನು ಮೇಲೆ ನೀರು, ಮೆತ್ತನೆಯ ಬ್ರಷ್ ಎರಡೇ. ಅದೂ ತೀರ ಬೇಕಾದಾಗ. ಬೇಕಿದ್ದರೆ ಇಸವಿ ಕೆತ್ತಿರುವ ಕಲ್ಲುಗಳ ಮೇಲೆ ನಿಮ್ಮ ಟೇಪು ಹಿಡಿದು, ಎಷ್ಟು ವರ್ಷದ ಕಲ್ಲಿಗೆ ಎಷ್ಟು ಅಗಲದ ಹೂವು ಎಂದು ಬರೆದಿಡಿ. ತಮಾಷೆಯಾಗಿರುತ್ತದೆ.

ಓದಲು ಉಪಾಯ ಇದೆ. ನಿಮ್ಮ ಹೊಲಿಗೆ ಅಂಗಡಿಯಲ್ಲಿ ಆಳೆತ್ತರದ ಕನ್ನಡಿ ಇದೆಯಲ್ಲ, ಅದನ್ನು ಹೊತ್ತುಕೊಂಡು ಹೋಗಿ. ಬಿಸಿಲನ್ನು ಅದರಲ್ಲಿ ಹಿಡಿದು ಕಲ್ಲಿನ ಮೇಲೆ ಪಕ್ಕದಿಂದ ಹಾಯಿಸಿ, ಎದುರಿನಿಂದ ಬೇಡ. ಕಣ್ಣಿಗೆ ಕಾಣದಷ್ಟು ತಗ್ಗು ಉಳಿದಿದ್ದರೂ ನೆರಳು ಬೀಳುತ್ತದೆ.

ಈಗ ನನ್ನ ಮಾತು. ಯಾರೋ ಪುಸ್ತಕದವನ ನಾಲ್ಕು ಸಾಲಿಗೆ ನಿಮಗೆ ಊಟ ಸೇರುವುದಿಲ್ಲ. ನಮ್ಮಣ್ಣನ ಮೇಲೆ ಒಂದಕ್ಷರವೂ ಇಲ್ಲ! ಅವನು ತೀರಿಕೊಂಡ ವಾರವೇ, ಸಮಾಧಿಯನ್ನು ಪೂರ್ತಿ ಮುಚ್ಚುವ ಹೊದಿಕೆಗಲ್ಲಿನ ಚಿತ್ರ ಬರೆದು ನಿಮಗೆ ಕಳಿಸಿದೆ. ನೀವು ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ. ನಾನು ಕಾಯದೆ ಕೆತ್ತಿಯೂ ಬಿಟ್ಟೆ. ಆಳುದ್ದದ ಆ ಕಲ್ಲು ಮೂರು ವರ್ಷದಿಂದ ನನ್ನ ಮನೆಯ ಗೋಡೆಗೆ ಒರಗಿ ನಿಂತಿದೆ. ಬೆಳಿಗ್ಗೆ ಎದ್ದರೆ ಅದರ ಮುಖವನ್ನೇ ನೋಡುತ್ತೇನೆ. ಅದನ್ನು ಯಾವಾಗ ಹಾಕಿಸುವುದು? ಇದೊಂದಕ್ಕೆ ಉತ್ತರ ಬೇಕು.

ನಿಮ್ಮ,
ನಾದಿನಿ


ಮಾರ್ಚ್ 3

ಚೂಟಿ,

ನಿಮ್ಮಣ್ಣ ಕರೆಯುತ್ತಿದ್ದ ಹೆಸರಿನಲ್ಲೇ ಕರೆಯುತ್ತೇನೆ, ಸಿಟ್ಟಾಗಬೇಡ. ಮೊದಲು ಕನ್ನಡಿಯ ಕಥೆ ಕೇಳು.

ಬೇಕರಿಯವನೂ ನಾನೂ ಅದನ್ನು ಹೊತ್ತು ರಸ್ತೆಯುದ್ದ ನಡೆದೆವು. ಎದುರಾದವರೆಲ್ಲ ಮೊದಲು ಕನ್ನಡಿ ನೋಡಿ ತಲೆ ಸರಿಮಾಡಿಕೊಂಡು, ಆಮೇಲೆ "ಎಲ್ಲಿಗೆ?" ಅಂದರು. ಸ್ಮಶಾನಕ್ಕೆ ಅಂದರೆ, "ಅಲ್ಲಿ ಯಾರಮ್ಮ ಮುಖ ನೋಡ್ಕೊಳ್ಳೋರು?" ಎಂದು ನಕ್ಕರು. ಗೇಟಿನ ಕಾವಲುಗಾರ ಮಾತ್ರ ನಗಲಿಲ್ಲ. ಗುಂಡಿ ತೋಡುವ ಕೆಲಸವೂ ಅವನದೇ, ಆ ಜಾಗದಲ್ಲಿ ಮೂವತ್ತು ವರ್ಷದಿಂದ ಇದ್ದಾನೆ. ಕನ್ನಡಿಯ ಇನ್ನೊಂದು ಕೊನೆ ಹಿಡಿದು ನಿಂತ.

ನೀನು ಹೇಳಿದ ಹಾಗೆ ಬಿಸಿಲನ್ನು ಪಕ್ಕದಿಂದ ಹಾಯಿಸಿದೆವು. ಚೂಟಿ, ಮೈ ಜುಮ್ಮೆಂದಿತು! ಏನೂ ಇಲ್ಲದ ಕಡೆ ಅಕ್ಷರ ಎದ್ದುಬಂದವು. ಕನ್ನಡಿ ಒಂದಿಷ್ಟು ಅಲುಗಿದರೆ ಮಾಯ, ಮತ್ತೆ ಹಿಡಿದರೆ ಹಾಜರ್. ಔಷಧಿ ಅಂಗಡಿಯಾಕೆ ಬರೆದುಕೊಂಡಳು. "ಓದು ಬಾರದವನು. ಮನೆಯಾಕೆ ಓದಿ ಹೇಳಿದಳು. ಕೇಳುತ್ತ ಹೊಲಿದನು." ನಾಲ್ಕನೆಯ ಸಾಲು ಮಾತ್ರ ಸಿಗಲಿಲ್ಲ, ಅದು ನನ್ನ ಬ್ರಷ್ಷಿಗೆ ಹೋಯಿತು. ಜೀವಮಾನವಿಡೀ ಪುಸ್ತಕ ಕಟ್ಟಿದವನಿಗೆ ಓದು ಬರುತ್ತಿರಲಿಲ್ಲ ಅಂದರೆ ನೋಡು. ಆ ಹೆಂಗಸು ಯಾವ ಯಾವ ಪುಸ್ತಕ ಓದಿ ಹೇಳಿದಳೋ, ಪೂರ್ತಿ ಓದಿದಳೋ, ಬೇಜಾರಾದ ಕಡೆ ಹಾರಿಸಿದಳೋ ಎಂದು ಈ ವಾರವೆಲ್ಲ ಯೋಚಿಸುತ್ತಿದ್ದೇನೆ.

ಕಲ್ಲುಹೂವೂ ಅಳೆದೆ. ಅರವತ್ತು ವರ್ಷದ ಕಲ್ಲಿನ ಮೇಲೆ ಕೋಟಿನ ಗುಂಡಿಯಷ್ಟು. ತೊಂಬತ್ತು ವರ್ಷದ್ದರ ಮೇಲೆ ಅಂಥ ಒಂದೂವರೆ ಗುಂಡಿಯಷ್ಟು. ಒಂದು ಕಲ್ಲಿನಲ್ಲಿ ಲೆಕ್ಕ ತಪ್ಪುತ್ತದೆ, ಯಾಕಿರಬಹುದು? ಯಾರೋ ನನ್ನಂಥವಳು ನಡುವೆ ಉಜ್ಜಿರಬೇಕು.

ಈಗ ನಿಜವಾದ ಸುದ್ದಿ. ಕನ್ನಡಿ ವಾಪಸ್ಸು ತರುವಾಗ ದಣಿವಾಯಿತೆಂದು ಮೂರನೆಯ ಸಾಲಿನಲ್ಲಿ ನಿಮ್ಮಣ್ಣನ ಪಕ್ಕ ಕುಳಿತೆ. ಮಣ್ಣಿನ ಮೇಲೆ ಅಲ್ಲಲ್ಲಿ ಸಣ್ಣ ಗುಡ್ಡೆ, ಒಂದೊಂದರ ನಡುವೆ ಪೆನ್ಸಿಲ್ ತೂರುವಷ್ಟು ತೂತು. ಇರುವೆ ಅಂದುಕೊಂಡೆ. ಅಷ್ಟರಲ್ಲಿ ಒಂದು ತೂತಿನಿಂದ ಕಂದು ರೋಮದ ಪುಟ್ಟ ಮುಖ ಹೊರಗೆ ಇಣುಕಿ, ನನ್ನನ್ನು ನೋಡಿ ಒಳಗೆ ಹೋಯಿತು. ನಮ್ಮ ಗುಂಪಿನಲ್ಲಿ ನಿವೃತ್ತ ವಿಜ್ಞಾನ ಟೀಚರ್ ಒಬ್ಬರಿದ್ದಾರೆ, ಎಲ್ಲರೂ ಹುಳದ ಮೇಡಂ ಅನ್ನುತ್ತೇವೆ. ಕೂಗಿ ಕರೆದೆ. ಎಪ್ಪತ್ತು ವರ್ಷದ ಹೆಂಗಸು ಸಮಾಧಿಯ ಪಕ್ಕ ಹೊಟ್ಟೆ ಅಡಿಯಾಗಿ ಮಲಗಿಬಿಟ್ಟರು! "ಒಂಟಿ ಜೇನು ಕಣ್ರೀ. ಇವಕ್ಕೆ ಗೂಡಿಲ್ಲ, ರಾಣಿ ಇಲ್ಲ. ಒಬ್ಬೊಬ್ಬ ತಾಯಿನೂ ತನ್ನ ಮನೆ ತಾನೇ ತೋಡ್ಕೋತಾಳೆ" ಅಂದರು. ಅತ್ತೆ ಇಲ್ಲ, ನಾದಿನಿ ಇಲ್ಲ, ಪುಣ್ಯವಂತರು ಅಂದುಕೊಂಡೆ.

ಯಾವ ತೂತು ಕಂಡರೂ ಕೀಲಿ ಹಾಕುವ ತೂತೇ ಎಂದು ಕಣ್ಣಿಟ್ಟು ನೋಡುತ್ತಿದ್ದ ಬೀಗದ ರಿಪೇರಿಯವರು ನಿಮ್ಮಣ್ಣ, ಅವರ ಮೇಲೇ ಇವು ಬಂದು ಕೂತಿವೆ. ಯಾಕೆ ಅಲ್ಲೇ ಅಂದರೆ, ಇಡೀ ಸ್ಮಶಾನದಲ್ಲಿ ಬಿಸಿಲು ಬೀಳುವ ಬರಿಮಣ್ಣು ಅದೊಂದೇ. ಮಿಕ್ಕಿದ್ದೆಲ್ಲ ಕಲ್ಲು ಇಲ್ಲವೇ ಹುಲ್ಲು. ಈಗ ಹೇಳು, ಅದರ ಮೇಲೆ ನಿನ್ನ ಆಳುದ್ದದ ಕಲ್ಲು ಹೇಗೆ ಹೊದಿಸಲಿ? ಅಷ್ಟೂ ಸಂಸಾರಗಳ ಬಾಗಿಲು ಮುಚ್ಚಿದಂತಾಗುತ್ತದೆ.

ಸೀರೆಯ ತುಂಬ ಮಣ್ಣು ಮಾಡಿಕೊಂಡ,
ಅತ್ತಿಗೆ


ಮಾರ್ಚ್ 11

ಅತ್ತಿಗೆ,

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಮೂರು ವರ್ಷ ಸುಮ್ಮನಿದ್ದವರಿಗೆ ಈಗ ಹುಳ ಸಿಕ್ಕಿತು. ಹುಳ ಸಿಗದೆ ಇದ್ದಿದ್ದರೆ ಹಾವು ಸಿಗುತ್ತಿತ್ತು. ನಿಮಗೆ ಕಲ್ಲು ಹಾಕಿಸಲು ಇಷ್ಟವಿಲ್ಲ ಅಂತ ಬಾಯಿಬಿಟ್ಟು ಹೇಳಿ, ಬಡಪಾಯಿ ಜೇನನ್ನು ಯಾಕೆ ಮುಂದೆ ಬಿಡುತ್ತೀರಿ?

ಅಣ್ಣ ಹೋದ ಮೇಲೆ ಒಂದು ಸಲ ನಿಮ್ಮ ಊರಿನ ಕಡೆಯವರು ಸಿಕ್ಕಿದ್ದರು. "ನಿಮ್ಮಣ್ಣಂದು ಯಾವುದು ಅಂತ ಗೊತ್ತಾಗ್ಲಿಲ್ಲ, ಹೆಸರೇ ಇಲ್ವಲ್ಲ" ಅಂದರು. ಊರಿನ ಕಲ್ಲೆಲ್ಲ ರಿಪೇರಿ ಮಾಡುವವಳ ಒಡಹುಟ್ಟಿದವನಿಗೆ ಕಲ್ಲಿಲ್ಲ. ಅವತ್ತು ನನಗೆ ಆದ ಅವಮಾನ ನಿಮಗೆ ತಿಳಿಯುವುದಿಲ್ಲ.

ಆ ಜೇನು ಹೂವಿನ ಕಾಲ ಮುಗಿದ ಮೇಲೆ ಇರುವುದಿಲ್ಲ ಎಂದು ಇಲ್ಲಿ ಕೇಳಿ ತಿಳಿದುಕೊಂಡಿದ್ದೇನೆ. ಏಪ್ರಿಲ್ 20ಕ್ಕೆ ಗಾಡಿ ಗೊತ್ತು ಮಾಡಿದ್ದೇನೆ. ಅಷ್ಟರಲ್ಲಿ ಅವು ಖಾಲಿ ಮಾಡಿರುತ್ತವೆ. ಕಲ್ಲು ತರುತ್ತೇನೆ, ಹಾಕುತ್ತೇನೆ, ಹೊರಟುಬರುತ್ತೇನೆ. ನೀವು ಅಂಗಡಿಯಲ್ಲೇ ಇರಬಹುದು.

ಸಿಟ್ಟಿನಲ್ಲೇ ಕೇಳುತ್ತಿದ್ದೇನೆ: ತೂತು ಎಷ್ಟು ಆಳ? ನೆಟ್ಟಗೆ ಇಳಿಯುತ್ತದೋ, ತಿರುಗುತ್ತದೋ? ಮಣ್ಣು ಕುಸಿಯದ ಹಾಗೆ ಒಳಗೆ ಏನಾದರೂ ಬಳಿದಿರುತ್ತವೆಯೇ? ನಾವು ಕಲ್ಲಿನ ಬಿರುಕಿಗೆ ಬಳಿಯುವುದಕ್ಕೆ ಅಂಥದ್ದೇ ಒಂದನ್ನು ಹುಡುಕುತ್ತಿದ್ದೇವೆ.

ನಾದಿನಿ


ಮಾರ್ಚ್ 25

ಚೂಟಿ,

ಬೈದೂ ಪ್ರಶ್ನೆ ಕೇಳಿದ್ದೀಯಲ್ಲ, ನಿಮ್ಮಣ್ಣನ ತಂಗಿ ಅನ್ನುವುದರಲ್ಲಿ ಅನುಮಾನವೇ ಇಲ್ಲ. ಅವರೂ ಹಾಗೇ, ಜಗಳದ ಮಧ್ಯೆ "ಇರು ಇರು, ಈ ಬಾಗಿಲು ಯಾಕೆ ಕಿರಗುಟ್ಟತ್ತೆ?" ಎಂದು ಎದ್ದು ಹೋಗುತ್ತಿದ್ದರು.

ತೂತು ಒಂದು ಮೊಳ ಆಳ. ಒಂದು ಮೂಲೆ ತಾನಾಗಿ ಕುಸಿದಿತ್ತು, ಅಲ್ಲಿ ಹುಳದ ಮೇಡಂ ತೋರಿಸಿದರು. ಕೆಳಗೆ ಹೋಗಿ ಪಕ್ಕಕ್ಕೆ ತಿರುಗುತ್ತದೆ. ಕೊನೆಗೆ ಹೆಸರುಕಾಳಿಗಿಂತ ದೊಡ್ಡದಾದ ಕೋಣೆಗಳು, ಒಳಗೋಡೆಗೆ ತೆಳ್ಳಗೆ ಏನೋ ಬಳಿದು ಹೊಳೆಯುತ್ತದೆ, ನೀರು ಇಳಿಯುವುದಿಲ್ಲವಂತೆ. ಒಂದೊಂದು ಕೋಣೆಯಲ್ಲಿ ಹೂವಿನ ಪುಡಿಯ ಉಂಡೆ, ಉಂಡೆಯ ಮೇಲೆ ಒಂದು ಮೊಟ್ಟೆ.

ಎಷ್ಟಿವೆ ಎಂದು ಎಣಿಸಲು ಒಂದೊಂದು ತೂತಿನ ಪಕ್ಕ ಒಂದೊಂದು ಅಂಗಿ ಗುಂಡಿ ಇಟ್ಟೆ. ಎಂಬತ್ತಮೂರು ಗುಂಡಿ ಹಿಡಿಯಿತು. ಕಾವಲುಗಾರ ಬಂದು ಸೊಂಟದ ಮೇಲೆ ಕೈಯಿಟ್ಟು, "ಇದೇನ್ ಅಮ್ಮಾ, ಮಣ್ಣಿಗೂ ಅಂಗಿ ಹೊಲೀತೀರಾ?" ಅಂದ.

ನಿನ್ನ ಏಪ್ರಿಲ್ ಲೆಕ್ಕ ಮಾತ್ರ ಸರಿಯಿಲ್ಲ. ತಾಯಂದಿರು ಏಪ್ರಿಲ್ಲಿಗೆ ಸತ್ತುಹೋಗುತ್ತಾರೆ ನಿಜ. ಮಕ್ಕಳು ಕೆಳಗೇ ಇರುತ್ತವೆ. ವರ್ಷವೆಲ್ಲ ಆ ಉಂಡೆ ತಿಂದು, ಮಲಗಿ, ಮುಂದಿನ ವರ್ಷ ಇದೇ ಹೊತ್ತಿಗೆ ಮಣ್ಣು ಒಡೆದು ಮೇಲೆ ಬರಬೇಕು. ಮೇಲಿನಿಂದ ನೋಡಿದರೆ ಖಾಲಿ ನೆಲ. ಕಲ್ಲು ಮುಚ್ಚಿದರೆ ಅಷ್ಟೂ ಒಳಗೇ ಸಾಯುತ್ತವೆ.

ಇಷ್ಟು ಹೇಳಿ ನಿಲ್ಲಿಸಬಹುದಿತ್ತು. ಆದರೆ ನೀನು ಬರೆದದ್ದರಲ್ಲಿ ಒಂದು ಮಾತು ನಿಜ, ಅದು ಚುಚ್ಚುತ್ತಿದೆ. ಜೇನು ಬಂದದ್ದು ಈ ವರ್ಷ. ಹಿಂದಿನ ವರ್ಷಗಳಿಗೆ ಅವುಗಳ ನೆಪ ಹೇಳಲಾರೆ.

ನೀನು ಕಳಿಸಿದ ಚಿತ್ರ ನನ್ನ ಕತ್ತರಿ ಮೇಜಿನ ಡ್ರಾದಲ್ಲಿದೆ. ಅದರಲ್ಲಿ ಒಂಬತ್ತು ಸಾಲಿವೆ. ಅವರ ಹೆಸರು, ನಿಮ್ಮ ಅಪ್ಪನ ಹೆಸರು, ಅಮ್ಮನ ಹೆಸರು, ಹುಟ್ಟಿದ ಊರು, ಬೀಗದ ಕೆಲಸ, ಪ್ರೀತಿಯ ತಂಗಿ ಎಂದು ನಿನ್ನ ಹೆಸರು. ಎಷ್ಟು ಸಲ ಓದಿದರೂ ನಾನಿಲ್ಲ. ಇಪ್ಪತ್ತೆಂಟು ವರ್ಷ ಒಂದೇ ತಟ್ಟೆಯ ಮುಂದೆ ಕೂತವಳು ನಾನು. ಅವರ ಒಂದು ಭುಜ ಇನ್ನೊಂದಕ್ಕಿಂತ ಅರ್ಧ ಅಂಗುಲ ತಗ್ಗು ಎಂದು ಈ ಲೋಕದಲ್ಲಿ ನನಗೊಬ್ಬಳಿಗೇ ಗೊತ್ತು. ಆ ಕಲ್ಲು ಹಾಕಿದ್ದರೆ ನಾನು ಅಲ್ಲಿ ಯಾರೋ ದಾರಿಹೋಕಳ ಹಾಗೆ ನಿಂತು ಓದಬೇಕಿತ್ತು. ಕೇಳಿಬಿಡೋಣ ಅಂತ ಎಷ್ಟೋ ಸಲ ಅಂದುಕೊಂಡೆ, ಸ್ವಾಭಿಮಾನ ಅಡ್ಡ ಬಂತು. ನೀನು ದುಃಖದಲ್ಲಿ ಮರೆತಿರಬೇಕು ಎಂದು ಸಮಾಧಾನ ಮಾಡಿಕೊಂಡಿದ್ದೇನೆ. ಮರೆತದ್ದಾದರೂ ನೋವೇ.

ಇದನ್ನು ಓದಿಯೂ ಇಪ್ಪತ್ತನೆಯ ತಾರೀಖು ಗಾಡಿ ತರುತ್ತೀಯಾದರೆ ತಾ. ನಾನು ಅಂಗಡಿಯಲ್ಲಿರುವುದಿಲ್ಲ, ಆ ಮಣ್ಣಿನ ಮುಂದೆಯೇ ಇರುತ್ತೇನೆ.

ಅತ್ತಿಗೆ


ಏಪ್ರಿಲ್ 29

ಅತ್ತಿಗೆ,

ಇಪ್ಪತ್ತನೆಯ ತಾರೀಖು ನೀವು ಬೆಳಿಗ್ಗೆಯಿಂದ ಅಲ್ಲಿ ಕಾದಿರಬಹುದು. ಗಾಡಿಯವನಿಗೆ ಹಿಂದಿನ ದಿನವೇ ಬೇಡ ಅಂದಿದ್ದೆ, ನಿಮಗೆ ತಿಳಿಸುವ ಧೈರ್ಯ ಬರಲಿಲ್ಲ. ಒಂದು ತಿಂಗಳಲ್ಲಿ ನಾಲ್ಕು ಕಾಗದ ಬರೆದು ಹರಿದಿದ್ದೇನೆ. ಇದು ಐದನೆಯದು.

ನಾನು ಮರೆತಿರಲಿಲ್ಲ. ಬೇಕೆಂದೇ ಬಿಟ್ಟೆ.

ಅಣ್ಣನನ್ನು ಮಣ್ಣು ಮಾಡಿದ ದಿನ ನಸುಕಿನಲ್ಲೇ ನಿಮಗೆ ಸ್ಟೇಷನ್ನಿನಿಂದ ಫೋನ್ ಮಾಡಿ, ಹೊರಟಿದ್ದೇನೆ, ಸಂಜೆಯೊಳಗೆ ಬರುತ್ತೇನೆ ಅಂದಿದ್ದೆ. ಹನ್ನೊಂದು ತಾಸು ರೈಲಿನಲ್ಲಿ ಬಾಗಿಲ ಹತ್ತಿರ ನಿಂತೇ ಬಂದೆ, ಕೂತರೆ ತಡವಾಗುತ್ತದೆ ಅನ್ನುವ ಹಾಗೆ. ನಾಲ್ಕೂವರೆಗೆ ಗೇಟಿನ ಒಳಗೆ ಓಡಿದರೆ ಮಣ್ಣು ಮುಚ್ಚಿ ಎಲ್ಲರೂ ಹೊರಟಾಗಿತ್ತು. ಹಸಿ ಮಣ್ಣು, ಅದರ ಮೇಲೆ ಗುದ್ದಲಿಯ ಹಿಂಬದಿಯಿಂದ ತಟ್ಟಿದ ಗುರುತು. ಅಣ್ಣನ ಮುಖ ನೋಡಲು ಬಂದವಳು ಅದನ್ನು ನೋಡಿ ಹೋದೆ. ನನಗೋಸ್ಕರ ನಾಲ್ಕು ತಾಸು ಕಾಯಲಿಲ್ಲ ನೀವು. ಆ ವಾರವೇ ಚಿತ್ರ ಬರೆದೆ. ನಿಮ್ಮ ಹೆಸರು ಬರಬೇಕಾದ ಸಾಲಿನ ಹತ್ತಿರ ಬಂದಾಗ ಪೆನ್ಸಿಲ್ ಎತ್ತಿಬಿಟ್ಟೆ. ಆಮೇಲೆ ಕಲ್ಲಿನಲ್ಲೂ ಹಾಗೇ ಕೆತ್ತಿದೆ. ಕೆತ್ತಲು ನಲವತ್ತು ದಿನ ಹಿಡಿಯಿತು. ನಲವತ್ತು ದಿನದಲ್ಲಿ ಒಂದು ದಿನವೂ ಕೈ ತಡೆಯಲಿಲ್ಲ ಅಂದರೆ ನನಗೇ ಹೆದರಿಕೆಯಾಗುತ್ತದೆ.

ನಿಮ್ಮ ಕಾಗದ ಬಂದ ಮೇಲೆ ಆ ಕಲ್ಲಿನ ಮುಂದೆ ನಿಂತು ಗಟ್ಟಿಯಾಗಿ ಓದಿದೆ. ನಾಚಿಕೆಯಾಯಿತು. ಹೋದ ವಾರ ಅದನ್ನು ಕೊಯ್ದೆ. ಅಕ್ಷರವಿರುವ ಭಾಗವನ್ನು ಕೆಲಸದ ಕೋಣೆಯ ಹೊಸ್ತಿಲಿಗೆ ಕವುಚಿ ಹಾಕಿದ್ದೇನೆ. ಕೆಳಗಿನ ಖಾಲಿ ಭಾಗ ಇದೆ, ತಲೆಯ ಹತ್ತಿರ ನಿಲ್ಲಿಸುವಷ್ಟು. ಮಣ್ಣು ಮುಚ್ಚುವುದಿಲ್ಲ. ಎಷ್ಟು ಅಗಲ, ಎಷ್ಟು ದಪ್ಪ ಆದರೆ ಆ ಮರಿಗಳಿಗೆ ತೊಂದರೆಯಿಲ್ಲ ಎಂದು ಅಳೆದು ಬರೆಯಿರಿ. ಅದರ ಮೇಲೆ ಏನು ಕೆತ್ತಬೇಕು ಅನ್ನುವುದನ್ನೂ ನೀವೇ ಬರೆಯಿರಿ, ನಿಮ್ಮ ಕೈಯಕ್ಷರದಲ್ಲಿ. ನಾನು ಒಂದಕ್ಷರ ಸೇರಿಸುವುದಿಲ್ಲ, ತೆಗೆಯುವುದಿಲ್ಲ.

ಒಂದೇ ಪ್ರಶ್ನೆ ಉಳಿದಿದೆ. ಯಾಕೆ ಕಾಯಲಿಲ್ಲ?

ಚೂಟಿ


ಮೇ 10

ಚೂಟಿ,

ಅಳತೆ ಬರೆದುಕೋ. ತಲೆಯ ಕಡೆ ಎರಡು ಗೇಣು ಜಾಗದಲ್ಲಿ ಹುಲ್ಲು ಹಿಡಿದಿದೆ, ಅಲ್ಲಿ ಒಂದು ತೂತೂ ಇಲ್ಲ, ಮೇಡಂ ಮೂರು ಸಲ ನೋಡಿದರು. ಅಗಲ ಹದಿನೆಂಟು ಅಂಗುಲ ಮೀರಬಾರದು, ದಪ್ಪ ನಾಲ್ಕು. ಎತ್ತರ ಎರಡಡಿ ಸಾಕು, ಹೆಚ್ಚಾದರೆ ಬೆಳಗಿನ ಬಿಸಿಲಿಗೆ ಅಡ್ಡ ಬರುತ್ತದೆ, ಮರಿಗಳಿಗೆ ಮಣ್ಣು ಬೆಚ್ಚಗಿರಬೇಕು. ನನ್ನ ಜನ್ಮದಲ್ಲಿ ಯಾರ ರವಿಕೆಗೂ ಇಷ್ಟು ಸಲ ಟೇಪು ಹಿಡಿದಿಲ್ಲ.

ಕೆತ್ತಬೇಕಾದ್ದನ್ನು ಬೇರೆ ಹಾಳೆಯಲ್ಲಿ ಬರೆದಿದ್ದೇನೆ. ಮೊದಲು ಅವರ ಹೆಸರು. ಅದರ ಕೆಳಗೆ, "ಬೀಗ ತೆರೆಯುತ್ತಿದ್ದವನು." ಅದರ ಕೆಳಗೆ ಒಂದೇ ಸಾಲಿನಲ್ಲಿ ನಿನ್ನ ಹೆಸರು, ನನ್ನ ಹೆಸರು. ಯಾರದು ಮೊದಲು ಎಂದು ತುಂಬ ಹೊತ್ತು ಯೋಚಿಸಿ, ನಿನ್ನದನ್ನೇ ಮೊದಲು ಬರೆದೆ, ನೀನು ಅವರಿಗೆ ನನಗಿಂತ ಮೊದಲೇ ಇದ್ದವಳು. ಕೊನೆಯಲ್ಲಿ, "ಕೆಳಗೆ ಮರಿಗಳಿವೆ, ಮಣ್ಣು ತುಳಿಯಬೇಡಿ." ಇದು ಸಮಾಧಿಗೆ ತಕ್ಕ ಮಾತೇ ಎಂದು ಬೇಕರಿಯವನು ತಲೆ ಕೆರೆದುಕೊಂಡ. ಓದಿದವರು ಬಗ್ಗಿ ನೋಡಲಿ, ನಿಮ್ಮಣ್ಣನಿಗೆ ಅದಕ್ಕಿಂತ ಸಂತೋಷ ಇನ್ನೊಂದಿಲ್ಲ.

ನಿನ್ನ ಪ್ರಶ್ನೆ. ಅವತ್ತು ಕಾವಲುಗಾರ ಕೇಳಿದ, "ತಂಗಿ ಬರ್ತಾವ್ರೆ ಅಂದ್ರಲ್ಲಮ್ಮ, ಇರೋಣ್ವಾ?" ಬಂದಿದ್ದವರೂ ಇರೋಣ ಅಂದರು. ನಾನೇ ಬೇಡ ಅಂದೆ. ಬಿಸಿಲು ಜಾಸ್ತಿ, ಜನಕ್ಕೆ ತೊಂದರೆ ಎಂದು ಏನೇನೋ ಹೇಳಿದೆ. ಅದೊಂದೂ ನಿಜವಲ್ಲ. ನಿಮ್ಮಿಬ್ಬರದೂ ಒಂದೇ ಮೂಗು, ಒಂದೇ ನಗು. ನೀನು ಯಾವಾಗ ಬಂದರೂ ಇಬ್ಬರೂ ಹೊಸ್ತಿಲಲ್ಲೇ ಕೂತು ಮಾತಿಗೆ ತೊಡಗುತ್ತಿದ್ದಿರಿ, ನಾನು ಒಳಗೆ ಲೋಟ ತೊಳೆಯುತ್ತಿದ್ದೆ. ನೀನು ಬಂದರೆ ಅವರು ನಿನ್ನ ಅಣ್ಣ ಆಗಿಬಿಡುತ್ತಾರೆ, ನಾನು ಪಕ್ಕಕ್ಕೆ ಸರಿದು ನಿಲ್ಲಬೇಕು ಅನ್ನಿಸಿತು. ಕೊನೆಯ ಆ ಸ್ವಲ್ಪ ಹೊತ್ತಾದರೂ ಅವರು ನನ್ನೊಬ್ಬಳವರಾಗಿರಲಿ ಎಂದು ಆಸೆಪಟ್ಟೆ. ಅದಕ್ಕೋಸ್ಕರ ನಿನಗೆ ಅವರ ಮುಖ ಕಾಣದ ಹಾಗೆ ಮಾಡಿದೆ. ನೀನು ಬಾಗಿಲ ಹತ್ತಿರ ನಿಂತೇ ಬಂದೆ ಎಂದು ಓದಿದ ಮೇಲೆ ಎರಡು ದಿನ ಅಂಗಡಿ ತೆರೆಯಲಿಲ್ಲ. ಕ್ಷಮಿಸು ಅಂದರೆ ಆ ನಾಲ್ಕು ತಾಸು ನಿನಗೆ ವಾಪಸ್ಸು ಬರುವುದಿಲ್ಲ ಎಂದು ಗೊತ್ತು. ಆದರೂ ಕೇಳುತ್ತಿದ್ದೇನೆ, ಕ್ಷಮಿಸು.

ನಿನ್ನೆ ಅದೇ ಕಾವಲುಗಾರ ಗುದ್ದಲಿ ಹೆಗಲಿಗೆ ಹಾಕಿಕೊಂಡು ಬಂದ. "ಅಮ್ಮಾ, ಕಲ್ಲಿನ ಗುಂಡಿ ಈಗ್ಲೇ ತೋಡಿಟ್ಬಿಡ್ಲಾ? ಅವ್ರು ಬರೋಷ್ಟ್ರಲ್ಲಿ ಎಲ್ಲ ರೆಡಿ ಇರತ್ತೆ" ಅಂದ. ಬೇಡ ಅಂದೆ. ಅವನು ನನ್ನ ಮುಖ ನೋಡಿ ಗುದ್ದಲಿ ಕೆಳಗಿಟ್ಟ.

ಯಾವ ರೈಲಿಗಾದರೂ ಬಾ. ಕೂತುಕೊಂಡು ಬಾ, ನಿಂತುಕೊಂಡು ಬರಬೇಡ. ಎಷ್ಟು ತಡವಾದರೂ ಸರಿ, ಕತ್ತಲಾದರೂ ಸರಿ. ನೀನು ಬರುವವರೆಗೆ ಆ ಮಣ್ಣನ್ನು ಯಾರೂ ಮುಟ್ಟುವುದಿಲ್ಲ.

ಗೇಟಿನ ಹತ್ತಿರ ಇರುವ,
ನಿನ್ನ ಅತ್ತಿಗೆ